ಸಾತ್ತ್ವಿಕ ಭಾವ: ಕಣ್ಣೀರು ಎಂಟರಲ್ಲಿ ಒಂದು ಮಾತ್ರ

ದುಃಖದಿಂದ ಕುಸಿಯುವ ಪಾತ್ರವನ್ನು ರಂಗದ ಮೇಲೆ ನೋಡಿ ಬಂದವರು ಸಾಮಾನ್ಯವಾಗಿ ‘ಎಷ್ಟು ಚೆನ್ನಾಗಿ ಅತ್ತಳು’ ಎಂದು ಮೆಚ್ಚುತ್ತಾರೆ. ಭರತನ ನಾಟ್ಯಶಾಸ್ತ್ರ ಅಳುವಿಗೆ ಅಷ್ಟೊಂದು ಮರ್ಯಾದೆ ಕೊಟ್ಟಿಲ್ಲ. ಒಳಗಿನ ತಳಮಳ ಮೈಯಲ್ಲಿ ತಾನಾಗಿ ಕಾಣಿಸಿಕೊಳ್ಳುವುದಕ್ಕೆ ಅದು ಸಾತ್ತ್ವಿಕ ಭಾವವೆಂದು ಹೆಸರಿಟ್ಟು ಎಂಟನ್ನು ಎಣಿಸುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ಗಂಟಲು ಕಟ್ಟುವುದು, ನಡುಗುವುದು, ಮುಖ ಬಿಳಿಚುವುದು, ಕಣ್ಣೀರು, ಎಚ್ಚರ ತಪ್ಪುವುದು. ಕಣ್ಣೀರಿನ ಸರದಿ ಏಳನೆಯದು. ಅದಕ್ಕೆ ಶೋಕವಲ್ಲದೆ ಹೊಗೆ, ಕಾಡಿಗೆ, ಆಕಳಿಕೆ, ಚಳಿಯೂ ಕಾರಣವಾಗಬಹುದೆಂದು ಭರತನೇ ಹೇಳಿಬಿಟ್ಟಿದ್ದಾನೆ!

ಇಲ್ಲಿ ‘ಸತ್ತ್ವ’ವೆಂದರೆ ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವಂಥದ್ದು. ಕೈಮುದ್ರೆಯನ್ನು ಕಲಿತು ತೋರಿಸಬಹುದು. ಮುಖ ಬಿಳಿಚಬೇಕಾದರೆ ನಟನ ಮನಸ್ಸು ಬೇರೆಡೆ ಅಲೆಯುತ್ತಿರಬಾರದು. ದುಃಖವಿಲ್ಲದವನು ದುಃಖವನ್ನು ಹೇಗೆ ಅಭಿನಯಿಸಿಯಾನು ಎಂಬುದು ಶಾಸ್ತ್ರದ ಪ್ರಶ್ನೆ.

ನೆನಪಿನಲ್ಲಿ ಉಳಿಯುವ ಕುಸಿತಗಳಲ್ಲಿ ಕಣ್ಣೀರಿಗಿಂತ ಉಳಿದ ಏಳರದೇ ಮೇಲುಗೈ ಎಂದು ನನಗನ್ನಿಸುತ್ತದೆ. ಭವಭೂತಿಯ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ಪಂಚವಟಿಗೆ ಬಂದ ರಾಮ ಹಳೆಯ ಜಾಗಗಳನ್ನು ಕಂಡು ಮೂರ್ಛೆ ಹೋಗುತ್ತಾನೆ. ಅವನ ಕಣ್ಣಿಗೆ ಕಾಣದ ಸೀತೆ ಅವನನ್ನು ಮುಟ್ಟಿ ಎಚ್ಚರಿಸುತ್ತಾಳೆ. ಪ್ರಲಯವೇ ಆ ಅಂಕದ ಕೀಲು. ನಮ್ಮ ಕಂಪನಿ ನಾಟಕಗಳ ಹರಿಶ್ಚಂದ್ರ ಕಥೆಯಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನೆದುರು ಚಂದ್ರಮತಿಯ ಪ್ರಲಾಪ ಅಶ್ರುವಿನ ಹಬ್ಬ. ಅಂಥ ರಂಗಗೀತೆಗಳಿಗೂ ಪ್ರೇಕ್ಷಕರು ‘ಒನ್ಸ್ ಮೋರ್’ ಕೂಗುತ್ತಿದ್ದರು. ಅದರಿಂದ ಸಂಗೀತ ಗೆದ್ದಿತು, ಸತ್ತ್ವ ಎಷ್ಟು ಉಳಿಯಿತೋ! ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಪ್ರೀತಿಯ ಮಲತಾಯಿಯನ್ನು ಕಲ್ಲು ಹೊಡೆದು ಕೊಲ್ಲಲು ಆಜ್ಞೆಯಿತ್ತ ಸುಲ್ತಾನ ಮಂಡಿಯೂರಿ ದೇವರನ್ನು ಬೇಡುತ್ತಾನೆ. ಮೈಗೆ ಮೆತ್ತಿದ ರಕ್ತದಲ್ಲಿ ತನ್ನದೆಷ್ಟು, ಪರರದೆಷ್ಟು ಎಂಬುದೇ ಅವನಿಗೆ ತಿಳಿಯುತ್ತಿಲ್ಲ. ಊರಿಗೆಲ್ಲ ಪ್ರಾರ್ಥನೆಯನ್ನು ನಿಷೇಧಿಸಿದವನು ಇವನೇ. ಈ ಮಾತುಗಳಿಗೆ ನಟ ಅಳುವನ್ನು ಬೆರೆಸಿದರೆ ದೃಶ್ಯ ಕೆಟ್ಟಿತೆಂದೇ ಲೆಕ್ಕ. ಅದು ಕೇಳುವುದು ನಡುಕವನ್ನು.

ಸ್ವರಭಂಗಕ್ಕೆ ನಾನು ಕೊಡುವ ಉದಾಹರಣೆ ಮಾತ್ರ ಭರತನಿಂದ ಬಹು ದೂರದ್ದು. 1949ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್‌ನ ‘ಮದರ್ ಕರೇಜ್’ ರಂಗವೇರಿದಾಗ ಹೆಲೆನ್ ವೈಗೆಲ್ ನಾಯಕಿ. ಯುದ್ಧದ ನಡುವೆ ವ್ಯಾಪಾರ ಮಾಡಿ ಬದುಕುವ ತಾಯಿಯ ಪಾತ್ರ ಅದು. ಸೆರೆಸಿಕ್ಕ ಮಗನನ್ನು ಬಿಡಿಸಿಕೊಳ್ಳಲು ಅವಳು ಲಂಚ ಕೊಡಬೇಕು. ವ್ಯಾಪಾರಿ ಹೆಂಗಸು ಅದಕ್ಕೂ ಚೌಕಾಸಿಗೆ ಇಳಿಯುತ್ತಾಳೆ, ಹೊತ್ತು ಮೀರುತ್ತದೆ. ಗುಂಡಿನ ಸದ್ದು ಕೇಳಿದಾಗ ವೈಗೆಲ್ ತಲೆಯನ್ನು ಹಿಂದಕ್ಕೆ ಚೆಲ್ಲಿ ಬಾಯಿಯನ್ನು ಪೂರ್ತಿ ತೆರೆದಳು. ದನಿ ಹೊರಡಲಿಲ್ಲ. ಸಿಂಗಾಪುರದ ಮೇಲೆ ಶೆಲ್ ದಾಳಿ ನಡೆದಾಗ ಮಗನ ಹೆಣದ ಬಳಿ ಕುಳಿತಿದ್ದ ಭಾರತೀಯ ಹೆಂಗಸಿನ ಪತ್ರಿಕಾಚಿತ್ರವೊಂದು ಬಹುಶಃ ಇದಕ್ಕೆ ಮೂಲವಾಗಿರಬೇಕೆಂದು ಬ್ರೆಕ್ಟ್ ಬರೆದಿದ್ದಾನೆ.

ಮುಂದಿನದು ಇನ್ನೂ ಕಠಿಣ. ಸೈನಿಕರು ಹೆಣವನ್ನು ಹೊತ್ತು ತಂದು, ಇವನನ್ನು ಬಲ್ಲೆಯಾ ಎಂದು ಕೇಳುತ್ತಾರೆ. ಹೌದೆಂದರೆ ಅವಳ ಜೀವಕ್ಕೇ ಕುತ್ತು. ಅವಳು ಇಲ್ಲವೆಂದು ತಲೆಯಾಡಿಸುತ್ತಾಳೆ. ಮತ್ತೆ ಕೇಳಿದಾಗಲೂ ಅದೇ ಉತ್ತರ. ಉಕ್ಕಿ ಬಂದದ್ದನ್ನು ಹೀಗೆ ಮುಚ್ಚಿಡುವ ಅಭಿನಯ ಎಂಟು ಸಾತ್ತ್ವಿಕಗಳಲ್ಲಿ ಎಲ್ಲಿಯೂ ಸೇರುವುದಿಲ್ಲ. ಭರತ ಅದನ್ನು 33 ವ್ಯಭಿಚಾರಿ ಭಾವಗಳ, ಅಂದರೆ ಬಂದು ಹೋಗುವ ಭಾವಗಳ, ಸಾಲಿನಲ್ಲಿಟ್ಟು, ಅವಹಿತ್ಥ ಎಂದು ಹೆಸರಿಸಿದ್ದಾನೆ.