ಬ್ರೇಕ್ ಹಾಕಿದಾಗ ನಿಮ್ಮನ್ನು ತಳ್ಳಿದ್ದು ಯಾರು?

ಭೌತಶಾಸ್ತ್ರ ಪಾಠ ಶುರು ಮಾಡುವ ಮೊದಲ ದಿನ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಬಸ್ಸಿನಲ್ಲಿ ನಿಂತಿದ್ದೀರಿ, ಚಾಲಕರು ಗಕ್ಕನೆ ಬ್ರೇಕ್ ಹಾಕಿದರು, ನೀವು ಮುಂದಕ್ಕೆ ಮುಗ್ಗರಿಸಿದಿರಿ. ನಿಮ್ಮನ್ನು ತಳ್ಳಿದ್ದು ಯಾರು? ‘ಬಸ್ಸು’ ಅನ್ನುತ್ತಾರೆ ಕೆಲವರು. ‘ಜಡತ್ವ’ ಅನ್ನುವವರೇ ಜಾಸ್ತಿ.

ಯಾರೂ ತಳ್ಳಲಿಲ್ಲ. ಬ್ರೇಕ್ ಬಿದ್ದದ್ದು ಬಸ್ಸಿಗೆ, ನಿಮಗಲ್ಲ. ಪಾದ ಮತ್ತು ನೆಲದ ನಡುವಿನ ಘರ್ಷಣೆಯಿಂದ ಪಾದ ಬಸ್ಸಿನ ಜೊತೆಗೇ ನಿಧಾನವಾಯಿತು. ಮೇಲಿನ ಮೈ ಮೊದಲಿನ ವೇಗದಲ್ಲೇ ಮುಂದೆ ಹೋಯಿತು, ಅಷ್ಟೆ. ಜಡತ್ವ ಒಂದು ಬಲವಲ್ಲ. ಇರುವ ವೇಗವನ್ನು ತಾನಾಗಿ ಬದಲಿಸಿಕೊಳ್ಳದ ವಸ್ತುವಿನ ಗುಣಕ್ಕೆ ಆ ಹೆಸರು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮ ಹೇಳುವುದೂ ಇದನ್ನೇ.

ಇದು ಪರೀಕ್ಷೆಯ ಎರಡು ಅಂಕದ ಮಾತಲ್ಲ. ‘ಮಗುವನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ, ಏನೂ ಆಗಲ್ಲ’ ಎಂದು ಕಾರಿನಲ್ಲಿ ಕೂರುವವರನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಕಾರಿನ ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಜೋರೇನಲ್ಲ, ಅಲ್ವಾ? ಅದು ಎದುರಿನ ಗೋಡೆಗೆ ಗುದ್ದಿ 0.1 ಸೆಕೆಂಡಿನಲ್ಲಿ ನಿಂತಿತು ಎಂದುಕೊಳ್ಳಿ. ಮಗುವಿನ ತೂಕ 10 ಕಿಲೋ. ಅಷ್ಟೇ ಹೊತ್ತಿನಲ್ಲಿ ಮಗುವೂ ನಿಲ್ಲಬೇಕಾದರೆ ಎಷ್ಟು ಬಲ ಬೇಕು? ತೂಕದ 10ನ್ನು ವೇಗದ 10ರಿಂದ ಗುಣಿಸಿ, ಸಮಯದ 0.1ರಿಂದ ಭಾಗಿಸಿ. 1000 ನ್ಯೂಟನ್ (ಬಲವನ್ನು ಅಳೆಯುವ ಮಾನಕ್ಕೂ ಅವರದೇ ಹೆಸರು). ಹೆಚ್ಚುಕಡಿಮೆ 100 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ, ಅದೂ ಮುನ್ಸೂಚನೆ ಇಲ್ಲದೆ ಬರಿಗೈಯಲ್ಲಿ. ಎಷ್ಟೇ ಪ್ರೀತಿ ಇದ್ದರೂ ಆ ಕೈ ನಿಲ್ಲುವುದಿಲ್ಲ. ಮಗುವಿಗೆ ಅದರ ಅಳತೆಯ ಸೀಟು, ಅದರದೇ ಬೆಲ್ಟ್ ಬೇಕು.

ಈ ಲೆಕ್ಕದಲ್ಲಿ ಭಾಗಿಸುವ ಸಂಖ್ಯೆಯನ್ನು ಗಮನಿಸಿ. ನಿಲ್ಲಲು ಸಿಗುವ ಸಮಯ ಹೆಚ್ಚಾದಷ್ಟೂ ಬಲ ಕಡಿಮೆ. ಹೆಲ್ಮೆಟ್ಟಿನ ಒಳಗಿನ ಮೆತ್ತನೆ ಪದರ, ಎತ್ತರದಿಂದ ಹಾರಿದಾಗ ನಾವು ಮಂಡಿ ಬಗ್ಗಿಸುವುದು, ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ಎಲ್ಲದರ ಒಳಗೂ ಇರುವುದು ಇದೇ ಲೆಕ್ಕ, ಅಂದರೆ ನ್ಯೂಟನ್ನರ ಎರಡನೇ ನಿಯಮ.

ಮೂರನೇ ನಿಯಮ ಎಲ್ಲರ ಬಾಯಲ್ಲೂ ಇದೆ, ಆದರೆ ಅತಿ ಹೆಚ್ಚು ತಪ್ಪಾಗುವುದೂ ಅಲ್ಲೇ. ‘ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದ್ದರೆ ಎರಡೂ ವಜಾ ಆಗಿಹೋಗಬೇಕಲ್ಲ, ಮತ್ತೆ ಯಾವುದಾದರೂ ಚಲಿಸುವುದು ಹೇಗೆ?’ ಈ ಪ್ರಶ್ನೆ ಕೇಳುವ ಹುಡುಗಿಯೋ ಹುಡುಗನೋ ತರಗತಿಯಲ್ಲಿದ್ದರೆ ನನಗೆ ಬಹಳ ಖುಷಿ. ಆ ಎರಡು ಬಲಗಳು ಬೀಳುವುದು ಎರಡು ಬೇರೆ ಬೇರೆ ವಸ್ತುಗಳ ಮೇಲೆ, ಹಾಗಾಗಿ ವಜಾ ಆಗುವ ಮಾತೇ ಇಲ್ಲ. ನಡೆಯುವಾಗ ನಿಮ್ಮ ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನೀವು ಮುಂದೆ ಹೋಗುವುದು ನೆಲದ ತಳ್ಳುವಿಕೆಯಿಂದ. ನೆಲಕ್ಕೆ ಎಣ್ಣೆ ಚೆಲ್ಲಿದ್ದರೆ ಪಾದ ಹಿಂದಕ್ಕೆ ಜಾರುತ್ತದೆ, ನೆಲವನ್ನು ಸರಿಯಾಗಿ ತಳ್ಳಲು ಆಗುವುದಿಲ್ಲ. ನೀವು ತಳ್ಳದಿದ್ದರೆ ನೆಲವೂ ತಳ್ಳುವುದಿಲ್ಲ. ಅದಕ್ಕೇ ನಾನು ಹೇಳುವುದು: ಸೂತ್ರಕ್ಕೆ ಕೈ ಹಾಕುವ ಮೊದಲು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ, ಅದನ್ನು ಯಾರು ಯಾರು ತಳ್ಳುತ್ತಿದ್ದಾರೆ, ಎಳೆಯುತ್ತಿದ್ದಾರೆ ಎಂದು ಬರೆದುಕೊಳ್ಳಿ.

ಅವಕಾಶ ಸಿಕ್ಕರೆ ತೂಕದ ಯಂತ್ರವೊಂದನ್ನು ಲಿಫ್ಟಿಗೆ ಒಯ್ದು ಅದರ ಮೇಲೆ ನಿಂತು ನೋಡಿ. ಇಲ್ಲಿ ವಸ್ತು ನೀವೇ. ಭೂಮಿ ನಿಮ್ಮನ್ನು ಕೆಳಕ್ಕೆ ಎಳೆಯುತ್ತಿದೆ, ಯಂತ್ರ ಮೇಲಕ್ಕೆ ತಳ್ಳುತ್ತಿದೆ. ನಿಮ್ಮ ತೂಕ 60 ಕಿಲೋ ಎನ್ನೋಣ. ಲಿಫ್ಟ್ ಮೇಲಕ್ಕೆ ಹೊರಡುವಾಗ ಅದರ ವೇಗ ಪ್ರತಿ ಸೆಕೆಂಡೂ ‘ಸೆಕೆಂಡಿಗೆ ಒಂದು ಮೀಟರ್’ನಷ್ಟು ಹೆಚ್ಚುತ್ತಿದ್ದರೆ ಮುಳ್ಳು ಸುಮಾರು 66 ತೋರಿಸುತ್ತದೆ. ಮೇಲಿನ ಮಹಡಿ ಹತ್ತಿರ ಬಂದು ಅಷ್ಟೇ ಪ್ರಮಾಣದಲ್ಲಿ ವೇಗ ತಗ್ಗಿಸುವಾಗ ಸುಮಾರು 54. ನಡುವೆ, ಲಿಫ್ಟ್ ಒಂದೇ ವೇಗದಲ್ಲಿ ಮೇಲಕ್ಕೆ ಓಡುತ್ತಿರುವಷ್ಟು ಹೊತ್ತೂ, ನೀವು ನೆಲದ ಮೇಲೆ ಸುಮ್ನೆ ನಿಂತಿದ್ದಾಗ ಇರುವಂತೆಯೇ ಮುಳ್ಳು 60ರಲ್ಲಿ ಅಲುಗದೆ ನಿಂತಿರುತ್ತದೆ.