ಜಲಸಂಧಿ: ನೀರು ಯಾರದ್ದು, ದಾರಿ ಯಾರದ್ದು?

ನಮ್ಮ ಮಂಗಳೂರಿನ ಪಣಂಬೂರು ಬಂದರಿಗೆ ಇರಾಕ್, ಕುವೈತ್ ಕಡೆಯಿಂದ ಕ್ರೂಡ್ ಆಯಿಲ್ ಹಡಗು ಬರುದಾದ್ರೆ ಇರಾನ್, ಒಮಾನ್ ನಡುವಿನ ಹಾರ್ಮುಜ್ ಜಲಸಂಧಿ ದಾಟಿಯೇ ಬರ್ಬೇಕು, ನ್ಯೂಸಲ್ಲಿ ಅದನ್ನ "ಅಂತರರಾಷ್ಟ್ರೀಯ ಜಲಸಂಧಿ" ಅಂತ ಹೇಳುದು ಕೇಳಿ ಆ ನೀರು ಯಾರದ್ದೂ ಅಲ್ಲ ಅಂತ ನಾನು ತುಂಬಾ ಸಮಯ ಅಂದ್ಕೊಂಡಿದ್ದೆ ಮಾರಾಯ್ರೆ. ಹಾಗಲ್ಲ. ನೀರಿಗೆ ಓನರ್ ಉಂಟು.

ಜಲಸಂಧಿ ಅಂದ್ರೆ ಎರಡು ಸಮುದ್ರವನ್ನ ಕೂಡಿಸುವ ಇಕ್ಕಟ್ಟಿನ ನೀರು, ಎರಡು ಮನೆ ನಡುವಿನ ಸಂದಿ ಇದ್ದ ಹಾಗೆ. ತನ್ನಷ್ಟಕ್ಕೆ ಆದದ್ದು ಆಗ್ಬೇಕು, ಸೂಯೆಜ್ ಮನುಷ್ಯರು ತೋಡಿದ ಕಾಲುವೆ, ಅದರ ಲೆಕ್ಕ ಬೇರೆ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿಲೋಮೀಟರ್ ತನಕ ಆಯಾ ದೇಶದ್ದೇ ಸಮುದ್ರ. ಹಾರ್ಮುಜ್ ತೀರಾ ಇಕ್ಕಟ್ಟಾದ ಕಡೆ ಬರೀ 21 ಮೈಲಿ ಅಗಲ, ಈಚೆಯಿಂದ ಇರಾನಿನ 12, ಆಚೆಯಿಂದ ಒಮಾನಿನ 12 ಹಾಕಿದ್ರೆ ಮಧ್ಯದಲ್ಲಿ ಎಂತ ಉಳೀತದೆ? ಮೊದಲು ತುಂಬಾ ದೇಶಗಳು 3 ಮೈಲಿ ಮಾತ್ರ ಇಟ್ಕೊಂಡಿದ್ದಾಗ ನಡುವೆ ಜಾಗ ಇತ್ತು. 12 ಬೇಕು ಅಂದಾಗ ದೊಡ್ಡ ನೌಕಾಪಡೆ ಇದ್ದ ದೇಶದವರು ನಮಗೆ ದಾರಿ ಬಿಡ್ಬೇಕು ಅಂತ ಪಟ್ಟು ಹಿಡಿದ್ರು, ಅದರಿಂದ ಹುಟ್ಟಿದ್ದೇ "ಟ್ರಾನ್ಸಿಟ್ ಪ್ಯಾಸೇಜ್", ಅಂದ್ರೆ ದಾಟಿ ಹೋಗುವ ಹಕ್ಕು.

ಗದ್ದೆ ಪುಣಿ, ಅಂದ್ರೆ ಬದು, ನೆನಪು ಮಾಡ್ಕೊಳ್ಳಿ. ಗದ್ದೆ ಯಾರದ್ದೋ, ಆದ್ರೆ ಊರವರು ನಡೆಯುದು ಅದರ ಮೇಲೆಯೇ, ಯಜಮಾನ ಅಡ್ಡ ಬೇಲಿ ಹಾಕುವ ಹಾಗಿಲ್ಲ, ನಡೆಯುವವರೂ ಅಲ್ಲೇ ಚಾಪೆ ಹಾಸಿ ಕೂರುವ ಹಾಗಿಲ್ಲ. ಇದೂ ಹಾಗೇ, ಹಡಗು, ವಿಮಾನ ಎರಡೂ ಹೋಗ್ಬಹುದು, ಯುದ್ಧನೌಕೆಯೂ ಸೈ, ಆದ್ರೆ ನಿಲ್ಲದೆ ಸೀದಾ ಹೋಗ್ಬೇಕು. ಮಾಮೂಲಿ ಕರಾವಳಿ ನೀರಲ್ಲಿ ಇರುವ "ನಿರುಪದ್ರವಿ ಸಂಚಾರ" ಇಷ್ಟು ಧಾರಾಳ ಅಲ್ಲ: ಸಬ್‌ಮರೀನ್ ಮೇಲೆ ಬಂದು ಬಾವುಟ ತೋರಿಸ್ಬೇಕು, ವಿಮಾನಕ್ಕೆ ಹಕ್ಕೇ ಇಲ್ಲ, ಸೆಕ್ಯುರಿಟಿ ಕಾರಣ ಕೊಟ್ಟು ಆ ದೇಶ ಸ್ವಲ್ಪ ಸಮಯ ನಿಲ್ಲಿಸಲೂ ಬಹುದು. ಟ್ರಾನ್ಸಿಟ್ ಪ್ಯಾಸೇಜನ್ನ ನಿಲ್ಲಿಸ್ಲಿಕ್ಕಿಲ್ಲ.

ಈ ಯೋಚನೆ 1982ಕ್ಕಿಂತ ಹಳೇದು. 1946ರಲ್ಲಿ ಅಲ್ಬೇನಿಯಾದ ಪಕ್ಕದ ಕೋರ್ಫು ಚಾನೆಲಲ್ಲಿ ಬ್ರಿಟಿಷ್ ಯುದ್ಧನೌಕೆಗಳು ನೀರಲ್ಲಿ ಅಡಗಿಸಿಟ್ಟ ಬಾಂಬ್, ಅಂದ್ರೆ ಮೈನ್‌ಗೆ ತಾಗಿ 44 ಜನ ಸತ್ರು, ಕೇಸ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು, ಶಾಂತಿಕಾಲದಲ್ಲಿ ಇಂಥ ಜಲಸಂಧಿ ದಾಟ್ಲಿಕ್ಕೆ ಮೊದಲೇ ಪರ್ಮಿಷನ್ ಬೇಡ ಅಂತ 1949ರಲ್ಲಿ ತೀರ್ಪಾಯ್ತು. ಎಲ್ಲ ಜಲಸಂಧಿಗೂ ಒಂದೇ ರೂಲ್ ಅಲ್ಲ ಮತ್ತೆ, ಟರ್ಕಿಯದ್ದಕ್ಕೆ 1936ರ ಮಾಂಟ್ರೋ ಒಪ್ಪಂದವೇ ಈಗಲೂ.

ಹಾರ್ಮುಜಲ್ಲಿ ಗಲಾಟೆ ಬೇರೆಯೇ. ಇರಾನ್ ಆ ಸಮುದ್ರ ಕಾನೂನು ಒಪ್ಪಂದಕ್ಕೆ 1982ರಲ್ಲಿ ಸೈನ್ ಹಾಕಿದೆ ಆದ್ರೆ ಅಂತಿಮವಾಗಿ ಒಪ್ಪಿ ಸೇರಿಲ್ಲ, ಅಮೆರಿಕ ಸೈನೇ ಹಾಕಿಲ್ಲ. ಒಪ್ಪಂದಕ್ಕೆ ಸೇರದವರಿಗೆ ಟ್ರಾನ್ಸಿಟ್ ಪ್ಯಾಸೇಜ್ ಇಲ್ಲ ಅಂತ ಇರಾನ್, ಇದು ರೂಢಿಯಿಂದ ಬಂದ ಹಕ್ಕು ಎಲ್ಲರಿಗೂ ಉಂಟು ಅಂತ ಅಮೆರಿಕ. ಎರಡೂ ಕಡೆಯವರು ಕೈಯಲ್ಲಿ ಹಿಡ್ಕೊಂಡಿರುದು ತಾವೇ ಪೂರ್ತಿ ಒಪ್ಪದ ಪುಸ್ತಕ!