ಒಗ್ಬೆಚೆ ಯಾಕೆ ಎಲ್ಲೂ ನಿಲ್ಲಲಿಲ್ಲ? ಪ್ಯಾರಿಸ್ಸಿಂದ ಹೈದರಾಬಾದ್‌ವರೆಗಿನ ಲೆಕ್ಕ

ಐಎಸ್‌ಎಲ್, ಅಂದ್ರೆ ನಮ್ಮ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್ ನೋಡೋರಿಗೆ ನೈಜೀರಿಯಾದ ಸ್ಟ್ರೈಕರ್ ಬಾರ್ತಲೋಮ್ಯೂ ಒಗ್ಬೆಚೆ ಪರಿಚಯ ಮಾಡ್ಕೊಡೋದೇನೂ ಬೇಡ. ಐದು ಸೀಸನ್, ನಾಲ್ಕು ಕ್ಲಬ್, 98 ಮ್ಯಾಚ್, 63 ಗೋಲ್. ಆದ್ರೆ ಇವನ ಹೆಸರು ಬಂದಾಗೆಲ್ಲ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ, ರೊನಾಲ್ಡಿನ್ಹೋ ಜೊತೆ ಪ್ಯಾರಿಸ್ಸಲ್ಲಿ ಆಡಿದೋನು ಕೊನೆಗೆ ಗುವಾಹಟಿಗೆ ಬಂದ ನೋಡಿ, ಎಂಥಾ ಹಣೆಬರಹ ಅಂತ. ನಾನಂತೂ ಈ ಮಾತು ಒಪ್ಪಲ್ಲ. ಇವನ ಕೆರಿಯರ್‌ನ ಮೊದಲಿಂದ ನೋಡ್ಕೊಂಡು ಬಂದ್ರೆ ಕಾಣೋದು, ಒಬ್ಬ ಸ್ಟ್ರೈಕರ್ ತನ್ನ ಕೆಲಸ ಪೂರ್ತಿ ಕಲಿಯೋಕೆ ಹದಿನೈದು ವರ್ಷ ತಗೊಂಡ, ಆ ಹದಿನೈದು ವರ್ಷ ಅವನನ್ನ ಇಟ್ಕೊಂಡು ಕಾಯೋ ವ್ಯವಧಾನ ಯಾವ ಕ್ಲಬ್ಬಿಗೂ ಇರ್ಲಿಲ್ಲ, ಅಷ್ಟೇ.

ಹುಟ್ಟಿದ್ದು 1984ರ ಅಕ್ಟೋಬರ್ 1ಕ್ಕೆ, ನೈಜೀರಿಯಾದ ಕ್ರಾಸ್ ರಿವರ್ ರಾಜ್ಯದ ಒಗೋಜಾ ಅನ್ನೋ ಊರಲ್ಲಿ. ಆಗಿನ ಕಾಲ ಸ್ವಲ್ಪ ನೆನಪು ಮಾಡ್ಕೋಬೇಕು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಲ್ಲಿ ನೈಜೀರಿಯಾ ಮೊದಲು ಬ್ರೆಜಿಲ್‌ನ, ಆಮೇಲೆ ಫೈನಲಲ್ಲಿ ಅರ್ಜೆಂಟೀನಾನ ಸೋಲಿಸಿ ಚಿನ್ನ ಹೊಡೀತು, ಕಾನು, ಒಕೋಚಾ, ಅಮುನೆಕೆ ಎಲ್ಲ ಮನೆಮಾತಾದ್ರು, ಅಲ್ಲಿಂದ ಮುಂದೆ ಯುರೋಪಿನ ಸ್ಕೌಟುಗಳು (ಹೊಸ ಆಟಗಾರರನ್ನ ಹುಡುಕೋರು) ಪಶ್ಚಿಮ ಆಫ್ರಿಕಾದ ಗಲ್ಲಿಗಲ್ಲಿಗೆ ಇಳಿದ್ರು. 18 ವರ್ಷದೊಳಗಿನ ಹುಡುಗ್ರನ್ನ ಒಂದು ದೇಶದಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಮಾಡೋದಕ್ಕೆ ಫೀಫಾ ಗಟ್ಟಿಯಾಗಿ ಕಡಿವಾಣ ಹಾಕಿದ್ದು 2001ರ ರೂಲ್ಸಲ್ಲಿ. ಅಷ್ಟೊತ್ತಿಗೆ ಒಗ್ಬೆಚೆ ಆಗ್ಲೇ ಪ್ಯಾರಿಸ್ ಸೇಂಟ್ ಜರ್ಮೇನ್‌ನ (ಪಿಎಸ್‌ಜಿ) ಯೂತ್ ಟೀಮಲ್ಲಿದ್ದ. ಇನ್ನೊಂದೆರಡು ವರ್ಷ ಲೇಟಾಗಿ ಹುಟ್ಟಿದ್ರೆ ಈ ದಾರಿ ಅಷ್ಟು ಸಲೀಸಾಗಿ ಸಿಗ್ತಿರ್ಲಿಲ್ಲ.

2001-02ರ ಪಿಎಸ್‌ಜಿ ಅಂದ್ರೆ ಈಗಿನ ಕತಾರ್ ದುಡ್ಡಿನ ಪಿಎಸ್‌ಜಿ ಅಲ್ಲ, ಆದ್ರೂ ಡ್ರೆಸ್ಸಿಂಗ್ ರೂಮ್ ನೋಡಿ: ರೊನಾಲ್ಡಿನ್ಹೋ, ಒಕೋಚಾ, ಅನೆಲ್ಕಾ, ಡಿಫೆನ್ಸಲ್ಲಿ ಪೊಚೆಟಿನೊ, ಮಿಡ್‌ಫೀಲ್ಡಲ್ಲಿ ಬಾರ್ಸಿಲೋನಾದಿಂದ ಲೋನ್ ಮೇಲೆ ಬಂದ ಅರ್ಟೆಟಾ. ಕೋಚ್ ಲೂಯಿ ಫರ್ನಾಂಡಿಸ್. ಇವ್ರ ಮಧ್ಯೆ 17 ವರ್ಷದ ಹುಡುಗ ಫ್ರೆಂಚ್ ಲೀಗಲ್ಲಿ ಆಡಿದ, ಅದೇ ಜೋರಲ್ಲಿ 2002ರ ವರ್ಲ್ಡ್ ಕಪ್ ಟೀಮಿಗೂ ಸೆಲೆಕ್ಟ್ ಆದ. ಅದೂ ಬೆಂಚ್ ಕಾಯೋಕಲ್ಲ, ಜಪಾನಿನ ಕಾಶಿಮಾದಲ್ಲಿ ಅರ್ಜೆಂಟೀನಾ ವಿರುದ್ಧದ ಮೊದಲ ಮ್ಯಾಚಲ್ಲಿ ಶುರುವಿನ ಹನ್ನೊಂದರಲ್ಲೇ ಇದ್ದ. ಬಟಿಸ್ಟುಟಾ ಹೆಡರ್‌ಗೆ 1-0 ಸೋತ್ರು, ಸ್ವೀಡನ್ ಹತ್ರ 2-1 ಸೋತ್ರು, ಇಂಗ್ಲೆಂಡ್ ಜೊತೆ ಗೋಲಿಲ್ಲದ ಡ್ರಾ ಮಾಡ್ಕೊಂಡು ಗಂಟುಮೂಟೆ ಕಟ್ಟಿದ್ರು.

ಆ ಟೀಮಲ್ಲಿ ಇವನಿಗಿಂತಲೂ ಚಿಕ್ಕೋನು ಇನ್ನೊಬ್ಬ ಇದ್ದ, ಫೆಮಿ ಒಪಾಬುನ್ಮಿ, ಇಂಗ್ಲೆಂಡ್ ವಿರುದ್ಧ ಆಡಿ ವರ್ಲ್ಡ್ ಕಪ್ ಇತಿಹಾಸದ ಅತಿ ಕಿರಿಯ ಆಟಗಾರರ ಪಟ್ಟಿಲಿ ಸೇರ್ಕೊಂಡ. ಅವನ ಕೆರಿಯರ್ ಕಣ್ಣಿನ ತೊಂದರೆಯಿಂದ ಕೆಲವೇ ವರ್ಷದಲ್ಲಿ ಮುಗಿದೋಯ್ತು. ಒಂದೇ ಟೀಮು, ಒಂದೇ ವಯಸ್ಸಿನ ಹುಡುಗ್ರು. ಒಗ್ಬೆಚೆ ಎಲ್ಲಿ ಕಳೆದೋದ ಅಂತ ಕೇಳೋರು ಒಪಾಬುನ್ಮಿ ಕಥೆ ಪಕ್ಕದಲ್ಲಿಟ್ಕೊಂಡು ಕೇಳ್ಬೇಕು.

ಪ್ಯಾರಿಸ್ಸಲ್ಲಿ ಯಾಕೆ ನಿಲ್ಲಲಿಲ್ಲ ಅನ್ನೋದಕ್ಕೆ ದೊಡ್ಡ ರಹಸ್ಯ ಏನಿಲ್ಲ. 2003ರಲ್ಲಿ ಕೋಚ್ ಬದಲಾದ್ರು, ವಹೀದ್ ಹಾಲಿಲ್‌ಹೋಜಿಚ್ ಬಂದ್ರು, ಬೋರ್ಡೋದಿಂದ ಪೌಲೇಟಾನ ತಂದ್ರು. ಪೌಲೇಟಾ ಆಮೇಲೆ ಕ್ಲಬ್ಬಿನ ಗೋಲ್ ರೆಕಾರ್ಡೇ ಮುರಿದ ಮನುಷ್ಯ, ಅವನಿರೋವಾಗ ಹತ್ತೊಂಬತ್ತರ ಹುಡುಗನಿಗೆ ಜಾಗ ಎಲ್ಲಿಂದ ಬರಬೇಕು. ಬಾಸ್ಟಿಯಾಗೆ ಲೋನು, ಮೆಟ್ಜ್‌ಗೆ ಲೋನು, 2005ರಲ್ಲಿ ಅಬುಧಾಬಿಯ ಅಲ್ ಜಜೀರಾ. ಇಪ್ಪತ್ತೊಂದನೇ ವಯಸ್ಸಿಗೇ ಗಲ್ಫಿಗೆ! ಒಬ್ಬ ಸ್ಟ್ರೈಕರ್ ಯುರೋಪ್ ಮ್ಯಾಪಿಂದ ಅಳಿಸಿ ಹೋಗೋದು ಸಾಮಾನ್ಯವಾಗಿ ಇಂಥ ಜಾಗದಲ್ಲೇ, ಒಂದ್ಸಲ ಹೋದ್ರೆ ಯಾರೂ ವಾಪಸ್ ಕರೆಯಲ್ಲ.

ಇವನು ವಾಪಸ್ ಬಂದ, ಆದ್ರೆ ಬಂದಿದ್ದು ಮುಂದಿನ ಬಾಗಿಲಿಂದಲ್ಲ. ಸ್ಪೇನಿನ ಎರಡನೇ ಡಿವಿಷನ್‌ನಲ್ಲಿ ಅಲಾವೆಸ್, ಅಲ್ಲಿಂದ ಲಾ ಲಿಗಾದಲ್ಲಿ ವಯಾಡೊಲಿಡ್, ಮತ್ತೆ ಕೆಳಗೆ ಕಾಡಿಸ್. ಆಮೇಲೆ ಗ್ರೀಸ್‌ನ ಕವಾಲಾ, ಆ ಕ್ಲಬ್ಬನ್ನ 2011ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಕೆಳಗಿನ ಡಿವಿಷನ್‌ಗೆ ತಳ್ಳಿಬಿಟ್ರು. ಅದೇ ವರ್ಷ ಇಂಗ್ಲೆಂಡಿನ ಎರಡನೇ ಡಿವಿಷನ್‌ನ ಮಿಡಲ್ಸ್‌ಬರೋ. ಅದಾದ್ಮೇಲೆ ಸ್ಪೇನಿನ ಹೆರೆಸ್, ಆ ಕ್ಲಬ್ಬು 2013ರಲ್ಲಿ ಕೊನೇ ಸ್ಥಾನಕ್ಕೆ ಬಿದ್ದು, ಸಾಲದಲ್ಲಿ ಮುಳುಗಿ, ಇನ್ನೂ ಕೆಳಗಿಳೀತು.

ಈ ಪಟ್ಟಿ ಓದಿದ್ರೆ ಮನುಷ್ಯನಿಗೆ ಒಂದು ಕಡೆ ಕೂರೋಕೆ ಬರಲ್ವೇನೋ ಅನ್ನಿಸತ್ತೆ. ಸ್ವಲ್ಪ ಹತ್ರದಿಂದ ನೋಡಿ: ಅರ್ಧಕ್ಕರ್ಧ ಜಾಗದಲ್ಲಿ ಕ್ಲಬ್ಬುಗಳೇ ಅಲ್ಲಾಡ್ತಿದ್ವು. 2008ರ ನಂತ್ರ ಸ್ಪೇನು, ಗ್ರೀಸು ಎರಡೂ ದೇಶದ ಎಕಾನಮಿ ಕುಸಿದಿದ್ದು ಗೊತ್ತಲ್ಲ, ಸಣ್ಣ ಕ್ಲಬ್ಬುಗಳಲ್ಲಿ ತಿಂಗಳ ಸಂಬಳ ಟೈಮಿಗೆ ಬಂದ್ರೆ ಅದೇ ಹಬ್ಬ ಅನ್ನೋ ಪರಿಸ್ಥಿತಿ. ಅಂಥಲ್ಲಿ ಮೊದಲು ಜಾಗ ಖಾಲಿ ಮಾಡೋನು ವಿದೇಶಿ ಸ್ಟ್ರೈಕರ್. ಲೋಕಲ್ ಹುಡುಗನಿಗೆ ಊರು ಮನೆ ಇರತ್ತೆ, ಇವನಿಗೆ ಇರೋದು ಒಂದು ವರ್ಷದ ಕಾಂಟ್ರ್ಯಾಕ್ಟು, ಒಬ್ಬ ಏಜೆಂಟು. ಪಶ್ಚಿಮ ಆಫ್ರಿಕಾದಿಂದ ಬಂದ ಎಷ್ಟೋ ಜನ ಆಟಗಾರರ ಕಥೆ ಇದೇ, ಮೇಲಿನ ನಾಲ್ಕೈದು ಹೆಸರು ಮಾತ್ರ ನಮಗೆ ಟಿವಿಲಿ ಕಾಣ್ಸತ್ತೆ, ಉಳಿದೋರು ಹೀಗೇ ಬಸ್ ಬದಲಾಯಿಸ್ಕೊಂಡು ಹೋಗ್ತಿರ್ತಾರೆ.

ತಿರುವು ಸಿಕ್ಕಿದ್ದು ಹಾಲೆಂಡಲ್ಲಿ, ಅದೂ ಲೇವಾರ್ಡನ್ ಅನ್ನೋ ಉತ್ತರದ ಚಳಿ ಊರಿನ ಕಾಂಬೂರ್ ಕ್ಲಬ್ಬಲ್ಲಿ. 2013ರಲ್ಲಿ ಕಾಂಬೂರ್ ಆಗಷ್ಟೇ ಡಚ್ ಟಾಪ್ ಡಿವಿಷನ್‌ಗೆ ಬಂದಿತ್ತು. ಅಲ್ಲಿ ಇವನು ರೆಗ್ಯುಲರ್ ಆಗಿ ಆಡಿದ, ರೆಗ್ಯುಲರ್ ಆಗಿ ಗೋಲ್ ಹೊಡೆದ. ಡಚ್ ಫುಟ್ಬಾಲಲ್ಲಿ ನಂಬರ್ ನೈನ್ (ನಡುವಿನ ಸ್ಟ್ರೈಕರ್) ಅಂದ್ರೆ ಬರೀ ಓಡೋನಲ್ಲ, ಬೆನ್ನಿಗೆ ಡಿಫೆಂಡರ್‌ನ ಇಟ್ಕೊಂಡು ಬಾಲ್ ಹಿಡೀಬೇಕು, ಪಕ್ಕಕ್ಕೆ ಕೊಡ್ಬೇಕು, ಕ್ರಾಸ್ ಬರೋ ಮುಂಚೆ ಬಾಕ್ಸಲ್ಲಿ ಎರಡು ಹೆಜ್ಜೆ ಕದೀಬೇಕು. ಸ್ಪೀಡಿಗೆ ವಯಸ್ಸಾಗತ್ತೆ, ಈ ಎರಡು ಹೆಜ್ಜೆಗೆ ಆಗಲ್ಲ. ಆಮೇಲೆ ಟಿಲ್‌ಬರ್ಗ್‌ನ ವಿಲೆಮ್ ಟ್ವೀಗೂ ಆಡಿ, 33ನೇ ವಯಸ್ಸಲ್ಲಿ, ಅಂದ್ರೆ 2018ರಲ್ಲಿ, ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್‌ಗೆ ಬಂದ.

ಇಲ್ಲಿ ಇಂಡಿಯಾ ಕಡೆಯ ಹಿನ್ನೆಲೆ ಸ್ವಲ್ಪ ಹೇಳ್ಬೇಕು. ನಮ್ಮ ಫುಟ್ಬಾಲಿಗೆ ನೈಜೀರಿಯಾ ಸ್ಟ್ರೈಕರ್ ಹೊಸಬನಲ್ಲ. ಎಂಬತ್ತರ ದಶಕದಲ್ಲಿ ಓದೋಕೆ ಅಂತ ಬಂದ ಚೀಮಾ ಒಕೋರಿ ಕೋಲ್ಕತ್ತಾದ ಮೂರೂ ದೊಡ್ಡ ಕ್ಲಬ್ಬಿಗೆ ಆಡಿ ಮೈದಾನ ನಡುಗಿಸಿದ್ದ. ಆಮೇಲೆ ಗೋವಾದಲ್ಲಿ ಚರ್ಚಿಲ್ ಬ್ರದರ್ಸ್‌ನ ಒಡಾಫಾ, ಡೆಂಪೊದ ರಾಂಟಿ ಮಾರ್ಟಿನ್ಸ್. ರಾಂಟಿ 2011-12ರ ಐ-ಲೀಗ್ ಒಂದರಲ್ಲೇ 32 ಗೋಲ್ ಹೊಡೆದ, ಯೋಚ್ನೆ ಮಾಡಿ. ಆದ್ರೆ ಇವ್ರೆಲ್ಲ ಬೆಳೆದಿದ್ದು, ಹೆಸರು ಮಾಡಿದ್ದು ಇಲ್ಲೇ. ಒಗ್ಬೆಚೆ ಯುರೋಪೆಲ್ಲ ಸುತ್ತಿ ಮುಗಿಸಿ ಬಂದೋನು. ಹಾಗಂತ 2014ರಲ್ಲಿ ಐಎಸ್‌ಎಲ್ ಶುರುವಾದಾಗ ಬಂದ ಡೆಲ್ ಪಿಯೆರೊ, ಪಿರೇಸ್‌ರಂಥ ಹಳೇ ಯುರೋಪ್ ಸ್ಟಾರ್‌ಗಳ ಥರ ಪೋಸ್ಟರ್‌ಗೆ ಬಂದೋನೂ ಅಲ್ಲ. ಡಚ್ ಲೀಗಲ್ಲಿ ಆಡ್ತಿದ್ದೋನು ನೇರವಾಗಿ ಬಂದ, ಕಾಲಲ್ಲಿ ಇನ್ನೂ ಆಟ ಇತ್ತು.

ಮೊದಲ ತಿಂಗಳಲ್ಲೇ ಚೆನ್ನೈಯಲ್ಲಿ ಚೆನ್ನೈಯಿನ್ ವಿರುದ್ಧ ಟೀಮ್ ಹಿಂದೆ ಬಿದ್ದಿದ್ದಾಗ ಹ್ಯಾಟ್ರಿಕ್ ಹೊಡೆದ, ನಾರ್ತ್‌ಈಸ್ಟ್ 4-3 ಗೆದ್ದಿತು. ಆ ಸೀಸನ್ 12 ಗೋಲ್, ಕ್ಲಬ್ಬು ಮೊದಲ ಸಲ ಪ್ಲೇಆಫ್‌ಗೆ. ಎರಡು ಮ್ಯಾಚಿನ ಸೆಮಿಫೈನಲಲ್ಲಿ ಎದುರಾಳಿ ನಮ್ಮ ಬೆಂಗಳೂರು ಎಫ್‌ಸಿ. ಗುವಾಹಟಿಲಿ 2-1 ಸೋತ್ವಿ, ಆದ್ರೆ ಆ ಮ್ಯಾಚಲ್ಲೇ ಒಗ್ಬೆಚೆಗೆ ಏಟಾಯ್ತು. 2019ರ ಮಾರ್ಚ್ 11ಕ್ಕೆ ಕಂಠೀರವದಲ್ಲಿ ನಡೆದ ಎರಡನೇ ಮ್ಯಾಚಲ್ಲಿ ಅವನಿಲ್ಲ. 72ನೇ ನಿಮಿಷದವರೆಗೂ ಗೋಲಿಲ್ಲ, ಫೈನಲ್ ಟಿಕೆಟ್ ಆಗಲೂ ಅವ್ರ ಕೈಲೇ, ಆಮೇಲೆ ಮೀಕು, ಡಿಮಾಸ್, ಛೆಟ್ರಿ ಒಬ್ಬರ ಹಿಂದೊಬ್ರು ಹೊಡೆದು 3-0. ಆರು ದಿನ ಬಿಟ್ಟು ಮುಂಬೈಲಿ ರಾಹುಲ್ ಭೇಕೆ ಹೆಡರ್‌ಗೆ ಕಪ್ಪು ನಮ್ದಾಯ್ತು. ಬಿಎಫ್‌ಸಿ ಫ್ಯಾನ್ಸ್ ಬೇಜಾರಾದ್ರೂ ಪರ್ವಾಗಿಲ್ಲ, ಅವತ್ತು ಒಗ್ಬೆಚೆ ಫಿಟ್ ಆಗಿದ್ದಿದ್ರೆ ಆ ಸಂಜೆ ಬೇರೆ ಥರ ಇರ್ತಿತ್ತು ಅಂತ್ಲೇ ನನ್ನ ಲೆಕ್ಕ.

ಕೋಚ್ ಎಲ್ಕೊ ಸ್ಕಾಟೋರಿ ಕೇರಳ ಬ್ಲಾಸ್ಟರ್ಸ್‌ಗೆ ಹೋದ್ರು, ಇವನೂ ಹಿಂದೇ ಹೋದ. ಟೀಮು ಏಳನೇ ಸ್ಥಾನ, ಇವನು 15 ಗೋಲ್! ಚೆನ್ನೈಯಿನ್‌ನ ವಾಲ್ಸ್‌ಕಿಸ್, ಎಟಿಕೆಯ ರಾಯ್ ಕೃಷ್ಣ, ಒಗ್ಬೆಚೆ ಮೂವರೂ 15ಕ್ಕೇ ನಿಂತ್ರು, ಅತಿ ಹೆಚ್ಚು ಗೋಲಿಗೆ ಕೊಡೋ ಗೋಲ್ಡನ್ ಬೂಟ್ ವಾಲ್ಸ್‌ಕಿಸ್‌ಗೆ ಹೋಯ್ತು. ಒಂದು ಮ್ಯಾಚಲ್ಲಿ ಹ್ಯಾಟ್ರಿಕ್ ಹೊಡೆದೂ 6-3 ಸೋತಿದ್ದಾನೆ, ಡಿಫೆನ್ಸ್ ಹಾಗಿತ್ತು. 2020ರ ಫೆಬ್ರವರಿಲಿ ಕೊಚ್ಚಿಯಲ್ಲಿ ಬೆಂಗಳೂರು ಮೊದಲು ಲೀಡ್ ತಗೊಂಡ್ರೂ ಇವನೇ ಎರಡೂ ಗೋಲ್ ಹೊಡೆದು ತಿರುಗಿಸ್ದ, ಬ್ಲಾಸ್ಟರ್ಸ್ ಬೆಂಗಳೂರನ್ನ ಸೋಲಿಸಿದ್ದು ಅದೇ ಮೊದಲು.

ಮುಂದಿನ ಸೀಸನ್ ಹೋದ ಮುಂಬೈ ಸಿಟಿಲಿ ಕಥೆ ಬೇರೆ. ಸೆರ್ಜಿಯೊ ಲೊಬೆರಾ ಟೀಮು, ಕೋವಿಡ್ ಬಬಲ್, ಎಲ್ಲ ಮ್ಯಾಚೂ ಗೋವಾದಲ್ಲಿ, ಖಾಲಿ ಸ್ಟೇಡಿಯಂ. ಮುಂದೆ ಲೆ ಫಾಂಡ್ರ್ ಅನ್ನೋ ಇನ್ನೊಬ್ಬ ಸ್ಟ್ರೈಕರ್ ಇದ್ದಿದ್ರಿಂದ ಇವನು ಎಷ್ಟೋ ಸಲ ಬೆಂಚಲ್ಲಿ, ಗೋಲ್ ಎಂಟೇ. ಆದ್ರೆ 2021ರ ಮಾರ್ಚ್ 13ರ ಫೈನಲ್‌ನ ಆ ಒಂದು ಕ್ಷಣ ಯೂಟ್ಯೂಬಲ್ಲಿ ಸಿಗತ್ತೆ, ನೋಡಿ. ಎಟಿಕೆ ಮೋಹನ್ ಬಗಾನ್ ಜೊತೆ 1-1, 90ನೇ ನಿಮಿಷ. ಗೋಲ್‌ಕೀಪರ್ ಅರಿಂದಮ್ ಭಟ್ಟಾಚಾರ್ಯ ಬಾಲ್ ಕ್ಲಿಯರ್ ಮಾಡೋಕೆ ತಡವರಿಸಿದ್ರು, ಒಗ್ಬೆಚೆ ಕಾಲಿಟ್ಟು ಕಿತ್ಕೊಂಡ, ಮುಂದೆ ಗೋಲ್‌ಪೋಸ್ಟು, ಬೇರೆ ಯಾವ ಸ್ಟ್ರೈಕರ್ ಆದ್ರೂ ಕಣ್ಮುಚ್ಚಿ ಹೊಡೀತಿದ್ದ, ಇವನು ತಲೆ ಎತ್ತಿ ನೋಡಿ ಬಿಪಿನ್ ಸಿಂಗ್‌ಗೆ ತಳ್ಳಿದ, ಬಿಪಿನ್ ಒಳಗೆ ಹಾಕ್ದ. ಮುಂಬೈಗೆ ಮೊದಲ ಕಪ್ಪು. ಸ್ಕೋರ್‌ಶೀಟಲ್ಲಿ ಗೋಲ್ ಬಿಪಿನ್‌ದು, ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇವನದು.

ನಂತರ ಹೈದರಾಬಾದ್, ಕೋಚ್ ಮನೋಲೊ ಮಾರ್ಕೆಜ್. 37ನೇ ವಯಸ್ಸಲ್ಲಿ 20 ಮ್ಯಾಚಿಗೆ 18 ಗೋಲ್, ಎಫ್‌ಸಿ ಗೋವಾದ ಸ್ಟ್ರೈಕರ್ ಆಗಿದ್ದ ಕೋರೋನ ಒಂದು ಸೀಸನ್ನಿನ ರೆಕಾರ್ಡ್‌ಗೆ ಸಮ, ಒಟ್ಟು ಗೋಲಲ್ಲಿ ಕೋರೋನ 48ನ್ನೂ ದಾಟಿ, 50 ಮುಟ್ಟಿದ ಮೊದಲಿಗ. ಗೋಲ್ಡನ್ ಬೂಟ್ ಕೊನೆಗೂ ಕೈಗೆ ಬಂತು. ಫೈನಲಲ್ಲಿ ಎದುರಿಗೆ ಹಳೇ ಟೀಮು ಕೇರಳ. 1-1 ಆಗಿ ಪೆನಾಲ್ಟಿ ಶೂಟೌಟಿಗೆ ಹೋಯ್ತು, ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟೀಮನಿ ಮೂರು ಪೆನಾಲ್ಟಿ ತಡೆದ್ರು, ಹೈದರಾಬಾದ್ ಚಾಂಪಿಯನ್. ಮುಂದಿನ ಸೀಸನ್ ಇನ್ನೂ 10 ಗೋಲ್, ಆಮೇಲೆ ಇಂಡಿಯಾ ಬಿಟ್ಟ. ಅವನು ಹೋದ ವರ್ಷವೇ ಹೈದರಾಬಾದ್ ದುಡ್ಡಿನ ಸಮಸ್ಯೆಲಿ ಸಿಕ್ಕಿ ವಿದೇಶಿಗಳೆಲ್ಲ ಖಾಲಿಯಾಗಿ ಟೇಬಲ್ ತಳ ಸೇರಿತು. ಕವಾಲಾ, ಹೆರೆಸ್ ನೋಡಿದೋನಿಗೆ ಇದೇನೂ ಹೊಸದಾಗಿ ಕಂಡಿರಲಿಕ್ಕಿಲ್ಲ.

ನಾಲ್ಕು ಕ್ಲಬ್ ಯಾಕೆ ಅನ್ನೋದಕ್ಕೂ ಉತ್ತರ ಸಿಂಪಲ್. ಐಎಸ್‌ಎಲ್ಲಲ್ಲಿ ವಿದೇಶಿಗಳಿಗೆ ಬಹುಪಾಲು ಒಂದೇ ವರ್ಷದ ಕಾಂಟ್ರ್ಯಾಕ್ಟ್, ಕೋಚ್ ಬದಲಾದ್ರೆ ವಿದೇಶಿ ಆಟಗಾರರೂ ಬದಲು. 15 ಗೋಲ್ ಹೊಡೆದ ಕ್ಯಾಪ್ಟನ್‌ನೇ ಕೇರಳ ಉಳಿಸ್ಕೊಳ್ಳಲಿಲ್ಲ ಅಂದ್ಮೇಲೆ ಅಲೆಮಾರಿ ಯಾರು, ಆಟಗಾರನೋ ಕ್ಲಬ್ಬುಗಳೋ?

ಆ 63ರ ರೆಕಾರ್ಡು 2024ರ ಸೆಪ್ಟೆಂಬರ್ 28ರವರೆಗೆ ನಿಂತಿತ್ತು. ಅವತ್ತು ಕಂಠೀರವದಲ್ಲಿ ಮೋಹನ್ ಬಗಾನ್‌ನ 3-0 ಸೋಲಿಸಿದ ಮ್ಯಾಚಲ್ಲಿ ಸುನಿಲ್ ಛೆಟ್ರಿ ಪೆನಾಲ್ಟಿ ಹೊಡೆದು 64 ಮಾಡಿದ್ರು. ಛೆಟ್ರಿಗೆ 150ಕ್ಕೂ ಜಾಸ್ತಿ ಮ್ಯಾಚ್ ಬೇಕಾಯ್ತು, ನಿಜ, ಆದ್ರೆ ಬೆಂಗಳೂರಲ್ಲಿ ಅವ್ರನ್ನ ಎಷ್ಟೋ ಸೀಸನ್ ಎಡಗಡೆ ವಿಂಗಲ್ಲಿ ಆಡಿಸಿದ್ದೂ ನಿಜ, ನಡುವಿನ ಜಾಗದಲ್ಲಿ ಯಾವಾಗ್ಲೂ ಒಬ್ಬ ವಿದೇಶಿ ಇರ್ತಿದ್ದ. ಅದೇ ಅಸಲಿ ತಲೆನೋವು. ಹತ್ತು ವರ್ಷ ಪ್ರತಿ ಕ್ಲಬ್ಬೂ ನಂಬರ್ ನೈನ್ ಜಾಗಕ್ಕೆ ಒಗ್ಬೆಚೆ ಥರದೋರನ್ನ ವರ್ಷದ ಬಾಡಿಗೆಗೆ ತಂದಿತು, ನಮ್ಮ ಹುಡುಗ್ರು ಆ ಜಾಗದಲ್ಲಿ ಆಡಿ ಕಲಿಯಲೇ ಇಲ್ಲ. 2025ರ ಮಾರ್ಚಲ್ಲಿ ಇಂಡಿಯಾ ಟೀಮಿಗೆ ಸ್ಟ್ರೈಕರ್ ಇಲ್ಲ ಅಂತ ರಿಟೈರ್ ಆಗಿದ್ದ ಛೆಟ್ರಿನೇ ವಾಪಸ್ ಕರೆಸಿದ ಕೋಚ್ ಯಾರು ಗೊತ್ತಾ, ಹೈದರಾಬಾದಲ್ಲಿ ಒಗ್ಬೆಚೆನ ಆಡಿಸಿದ್ದ ಅದೇ ಮನೋಲೊ ಮಾರ್ಕೆಜ್. ಛೆಟ್ರಿ ಹುಟ್ಟಿದ್ದೂ 1984ರಲ್ಲೇ, ಒಗ್ಬೆಚೆಗಿಂತ ಎರಡು ತಿಂಗಳು ದೊಡ್ಡೋರು.